ಹಿಂದಿನ ಬೆಂಚಿನ ಫೋಟೋ

ಉತ್ತರಕ್ರಿಯೆಗೆ ಇನ್ನು ಮೂರೇ ದಿನ ಎನ್ನುವಾಗ ಗುಣವತಿಗೆ ಹೊಳೆಯಿತು, ಹಾರ ಹಾಕಲು ಗಂಡನದೊಂದು ಸರಿಯಾದ ಫೋಟೋ ಮನೆಯಲ್ಲಿಲ್ಲ. ಹೇಗಿರುತ್ತದೆ ಹೇಳಿ? ಮೆಲ್ಬರ್ನಿಗೆ ಬಂದ ಏಳು ವರ್ಷವೂ ಕ್ಯಾಮೆರಾ ಕಾಂತಪ್ಪನ ಕೈಯಲ್ಲೇ. ಸಮುದ್ರದ ಮುಂದೆ ಹೆಂಡತಿ, ಕಾಂಗರೂ ಮುಂದೆ ಮಗಳು ಅಪೇಕ್ಷಾ. ತೆಗೆದವನ ನೆರಳು ಮಾತ್ರ ಅಲ್ಲಲ್ಲಿ ನೆಲದ ಮೇಲೆ. ಇದ್ದದ್ದು ಪಾಸ್‌ಪೋರ್ಟಿನದು. ಅದರಲ್ಲಿ ಅವನು ಯಾರದೋ ಬೈಗುಳ ಕೇಳಿಸಿಕೊಳ್ಳುತ್ತಿರುವವನ ಹಾಗಿದ್ದ.

"ಅಮ್ಮಾ, ಸಿಡ್ನಿ ಬಸ್ಸಿನ ಫೋಟೋ ಉಂಟಲ್ಲ? ಪೋಸ್ಟ್ ಮಾಡ್ತೇವೆ ಹೇಳಿದ್ರು," ಎಂದಳು ಅಪೇಕ್ಷಾ. ಫೋನ್ ಮಾಡಿ ಕೇಳಿದರೆ, ಸೋಮವಾರವೇ ಕಳಿಸಿದ್ದಾರೆ.

ಗುಣವತಿ ದೇವರ ದೀಪಕ್ಕೆ ಎಣ್ಣೆ ಹಾಕಿ ಕೈಮುಗಿದಳು. ನಗುವ ಮುಖ ಒಂದು ಬಂದರೆ ಸಾಕು ಸ್ವಾಮೀ, ಇನ್ನೇನೂ ಕೇಳುವುದಿಲ್ಲ.

ಆ ಬಸ್ಸಿನ ಕಥೆ ಹೀಗೆ. ಮೋಟಾರು ಹೊಸದಾಗಿ ಬಂದ ಕಾಲದಲ್ಲಿ ಜನರಿಗೆ ಊರು ತೋರಿಸಲು ಓಡಿಸುತ್ತಿದ್ದ ಬಸ್ಸು ಅದು. ಸೂರಿಲ್ಲ, ಕಿಟಕಿಯಿಲ್ಲ. ಐದು ಬೆಂಚು, ಹಿಂದೆ ಹೋದಂತೆ ಒಂದಕ್ಕಿಂತ ಒಂದು ಎತ್ತರ, ಎಲ್ಲರಿಗೂ ಸಮುದ್ರ ಕಾಣಲಿ ಎಂದು. ಮಂಗಳೂರಿನಲ್ಲಿ ಬಸ್ಸಿಗೆ ಬಾಡಿ ಕಟ್ಟಿ ಪಳಗಿದ ಕಾಂತಪ್ಪ, ಇಲ್ಲಿ ಡಿಪೋ ಕೆಲಸದ ನಡುವೆ ನಾಲ್ಕು ವರ್ಷದ ಶನಿವಾರಗಳನ್ನು ಅದಕ್ಕೇ ಸುರಿದಿದ್ದ. ಹಳೇ ಗಾಡಿಗಳ ಕ್ಲಬ್ಬಿನವರು ಮುರುಕು ಚಾಸಿ, ಅಂದರೆ ಗಾಡಿಯ ಅಡಿಗಟ್ಟು ಮಾತ್ರ, ತಂದುಕೊಟ್ಟಿದ್ದರು. ಬೆಂಚುಗಳನ್ನೆಲ್ಲ ಅವನೇ ಮಾಡಿದ. ಬಸ್ಸು ತಯಾರಾದಾಗ ಲಾರಿ ಮೇಲೇರಿಸಿ ಸಿಡ್ನಿಯ ಹಬ್ಬಕ್ಕೆ ಒಯ್ದರು. ಈ ಮೂವರೂ ಹೋದರು.

ಹಿಂದಿನ ಕಾಲದಲ್ಲಿ ಬಸ್ಸು ಹೊರಡುವ ಮೊದಲು ಎಲ್ಲರನ್ನೂ ಕೂರಿಸಿ ಒಂದು ಫೋಟೋ ತೆಗೆಯುತ್ತಿದ್ದರಂತೆ. ಅಲ್ಲೂ ಹಾಗೇ ಮಾಡಿದರು. ಮೂರು ಕಾಲಿನ ಪೆಟ್ಟಿಗೆ ಕ್ಯಾಮೆರಾ, ಕರೀ ಬಟ್ಟೆಯೊಳಗೆ ತಲೆ ತೂರಿಸಿದ ಮುದುಕ. ಗುಣವತಿ ಕೂತದ್ದು ಹಿಂದಿನ ಬೆಂಚಿನಲ್ಲಿ, ಗಂಡನ ಪಕ್ಕ, ಅವನ ಆಚೆಗೆ ಅಪೇಕ್ಷಾ. ಮುದುಕ ಬಟ್ಟೆ ಎತ್ತಿದ್ದೇ ತಡ, ಅವಳು ಎದ್ದು ನಿಂತಳು.

"ಎಂತಾಯ್ತು?" ಎಂದ ಕಾಂತಪ್ಪ.

"ಮೂರು ಜನ ಫೋಟೋಕ್ಕೆ ಕೂರ್ಲಿಕ್ಕಿಲ್ಲ. ಒಬ್ಬರು ಕಡಿಮೆ ಆಗ್ತಾರೆ. ನಮ್ಮ ಅಜ್ಜಿ ಹೇಳ್ತಿದ್ರು."

"ಬಸ್ಸಲ್ಲಿ ಹದಿನೆಂಟು ಜನ ಇದ್ದಾರೆ ಮಾರಾಯ್ತಿ! ನಿನ್ನ ಅಜ್ಜಿಗೆ ಲೆಕ್ಕ ಬರ್ತಿರಲಿಲ್ವಾ?"

"ಈ ಬೆಂಚಲ್ಲಿ ಮೂರೇ ಅಲ್ವಾ? ಬೆಂಚು ಮಾಡಿದವರು ನೀವು, ನಾಲ್ಕು ಜನಕ್ಕೆ ಮಾಡ್ಬೇಕಿತ್ತು."

"ಅಮ್ಮಾ, ಪ್ಲೀಸ್. ಎವ್ರಿವನ್ ಈಸ್ ವೇಟಿಂಗ್," ಎಂದು ಅಪೇಕ್ಷಾ ಮುಖ ಮುಚ್ಚಿಕೊಂಡಳು.

ಗುಣವತಿ ಸೀರೆಯ ನೆರಿಗೆ ಎತ್ತಿ ಹಿಡಿದು ಇಳಿದೇ ಬಿಟ್ಟಳು. ಕ್ಯಾಮೆರಾಕ್ಕೆ ಕಾಣದ ಹಾಗೆ ಬದಿಗೆ ಸರಿದು, ಒಂದು ಮರದ ಕೆಳಗೆ ನಿಂತಳು. ಮೋಡದ ದಿನ, ಬೆಳಕು ಸಾಲದು, ನಾಲ್ಕು ಎಣಿಸುವವರೆಗೆ ಯಾರೂ ಅಲ್ಲಾಡಬೇಡಿ ಎಂದು ಮುದುಕ ಕೂಗಿದ. ಮರದ ಕೆಳಗೆ ನಿಂತವಳಿಗೆ ಎಂಥ ನೆಮ್ಮದಿ ಗೊತ್ತೇ? ತನ್ನವರಿಬ್ಬರನ್ನೂ ಕಾಪಾಡಿಕೊಂಡೆ ಎಂಬ ನೆಮ್ಮದಿ. ಫೋಟೋ ಮುಗಿದ ಮೇಲೆ ಮತ್ತೆ ಹತ್ತಿ ಕೂತಳು. ಸಮುದ್ರದ ಬದಿಯ ತಿರುವುಗಳಲ್ಲಿ ಕಾಂತಪ್ಪ ಅವಳ ಕೈ ಬಿಡಲಿಲ್ಲ.

ಅದಾಗಿ ಹತ್ತನೇ ದಿನ, ಡಿಪೋದಲ್ಲಿ ಬಸ್ಸಿನಡಿಯಿಂದ ಎದ್ದು ಬಂದವನು ನೀರು ಕೇಳಿದನಂತೆ. ನೀರು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಲಕೋಟೆ ಬಂದದ್ದು ಕ್ರಿಯೆಯ ಹಿಂದಿನ ಮಧ್ಯಾಹ್ನ. ಅಪೇಕ್ಷಾ ಬಿಡಿಸಿ ನೋಡಿದಳು, ತಾಯಿಯ ಕೈಗೆ ಕೊಟ್ಟಳು. ಎಷ್ಟು ಚೆಂದದ ಫೋಟೋ! ಹ್ಯಾಟಿನ ಹೆಂಗಸರು, ಡ್ರೈವರನ ಮೀಸೆ, ಅಪೇಕ್ಷಾಳ ಕಿವಿಯ ಓಲೆ ಕೂಡ ಒಂದೊಂದೂ ಸ್ಪಷ್ಟ. ಅವಳ ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿಯ ಕಾಲರು. ಕಾಲರಿನ ಮೇಲೆ ಮುಖವಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದಂಥ ಬಿಳಿ ಮಬ್ಬು, ಗುಣವತಿ ನಿಂತಿದ್ದ ಮರದ ಕಡೆಗೆ ಎಳೆದುಕೊಂಡು ಹೋಗಿತ್ತು. ಬಲಗೈ ಮೇಲೆದ್ದು ಹೊಗೆಯ ಹಾಗಾಗಿತ್ತು. ಒಬ್ಬರು ಅಲ್ಲಾಡಿದರು, ಕ್ಷಮಿಸಿ ಎಂದು ಮುದುಕ ಚೀಟಿ ಇಟ್ಟಿದ್ದ.

"ಅಪ್ಪ ನಿನ್ನನ್ನೇ ಕರೀತಿದ್ರು," ಎಂದಳು ಅಪೇಕ್ಷಾ. "ಬಾ ಬಾ ಅಂತ. ಆ ಫೋಟೋದ ಅಜ್ಜ ವನ್, ಟೂ ಎಣಿಸ್ತಾ ಇರುವಾಗ್ಲೂ."

ಗುಣವತಿ ಮುದುಕನ ಚೀಟಿಯನ್ನು ಮಡಚಿ ಲಕೋಟೆಯೊಳಗೆ ಇಟ್ಟಳು.

"ಫಿಕ್ಸ್ ಮಾಡ್ಬಹುದು ಅಮ್ಮಾ. ಪಾಸ್‌ಪೋರ್ಟಿನ ಮುಖ ತಗೊಂಡು ಕಂಪ್ಯೂಟರಲ್ಲಿ..."

"ಬೇಡ ಮಗಾ."

ಮರುದಿನ ಹಾರ ಬಿದ್ದದ್ದು ಪಾಸ್‌ಪೋರ್ಟಿನ ಫೋಟೋಕ್ಕೇ. ಸತ್ತವನ ಹೆಸರಲ್ಲಿ ಎಲೆ ಹಾಕಿ ಅಗೆಲು ಬಡಿಸಿದರು, ಬಂದವರೆಲ್ಲ ಉಂಡು ಸಮಾಧಾನ ಹೇಳಿ ಹೋದರು. ಪಾತ್ರೆಗಳೆಲ್ಲ ಒಳಗೆ ಸೇರಿದ ಮೇಲೆ ಗುಣವತಿ ಬಸ್ಸಿನ ಫೋಟೋ ತೆಗೆದುಕೊಂಡು ಕಿಟಕಿಯ ಹತ್ತಿರ ಕೂತಳು. ಬೆಳಕಿಗೆ ಹಿಡಿದಳು, ಓರೆ ಮಾಡಿದಳು. ಆ ಬಿಳಿಯಲ್ಲಿ ಕಣ್ಣು ಎಲ್ಲಿರಬಹುದೆಂದು ಬೆರಳಲ್ಲಿ ಹುಡುಕಿದಳು. ಅಪೇಕ್ಷಾ ಬಂದು ಭುಜಕ್ಕೆ ಒರಗಿದಳು.

"ಕರೆದ್ರಲ್ಲ," ಎಂದಳು ಗುಣವತಿ. "ಹೋಗ್ಲಿಲ್ಲ ನಾನು."