ಬಾರ್‌ಕೋಡಿನ ಹಣೆಗೆ ವಿಭೂತಿ

ದಸರೆಯ ಖಂಡೇಪೂಜೆ, ಅಂದರೆ ಆಯುಧಪೂಜೆ, ಮುಗಿಸಿ ಬಾಗಿಲು ತೆಗೆದ ದಿನ ತಿಕೋಟಾದ ಆರೋಗ್ಯ ಗ್ರಂಥಾಲಯದಲ್ಲಿ ಒಂದು ಪುಸ್ತಕವೂ ಸ್ಕ್ಯಾನ್ ಆಗಲಿಲ್ಲ. ವಿಜಯಪುರ, ತಿಕೋಟಾ, ಬಬಲೇಶ್ವರ ಮೂರೂ ಕಡೆಯ ಗ್ರಂಥಾಲಯಗಳನ್ನು ಒಂದೇ ಸಾಫ್ಟ್‌ವೇರಿಗೆ ಕಟ್ಟಿಹಾಕಿದ್ದ ವಿಶಾಖಾ, ವಿಜಯಪುರದಲ್ಲಿ ಬಸ್ಸು ಹತ್ತಿ ದಾರಿಯುದ್ದಕ್ಕೂ ಬೈದುಕೊಳ್ಳುತ್ತ ಬಂದಳು.

ಕಪಾಟು ತೆರೆದರೆ ಹೆರಿಗೆ, ಹೃದಯ, ಮೂಲವ್ಯಾಧಿ, ಎಲ್ಲ ಪುಸ್ತಕಗಳೂ ಬಾರ್‌ಕೋಡಿನ ಮೇಲೆ ವಿಭೂತಿ ಬಳಿದುಕೊಂಡು, ನಡುವೆ ಕುಂಕುಮವಿಟ್ಟುಕೊಂಡು ಕುಳಿತಿದ್ದವು.

“ಏನ್ರಿ ಇದು?”

“ಪೂಜಿ ಮಾಡೇನ್ರಿ ಮೇಡಂ,” ಎಂದರು ಗ್ರಂಥಪಾಲಕ ಗುರುಪಾದಯ್ಯ. “ಅದೊಂದ ಜಾಗಾ ಬೆಳ್ಳಗ ಇತ್ತು, ಹಣಿ ಇದ್ದಂಗ. ಗೆರಿ ಬ್ಯಾರೆ ನೀವ ಎಳದಿದ್ರಿ.”

“ದೇವರಿಗೆ ಕಾಣತೈತ್ರಿ, ಮಶೀನಿಗೆ ಕಾಣೂದಿಲ್ಲ!” ಎಂದು ರೇಗಿದ ವಿಶಾಖಾ ಬಟ್ಟೆ ಹಿಡಿದು ಒರೆಸಲು ಕುಳಿತಳು. ಮೂಲವ್ಯಾಧಿಯವರೆಗೆ ಬರುವಷ್ಟರಲ್ಲಿ ಬಬಲೇಶ್ವರದ ಗ್ರಂಥಪಾಲಕಿ ಗುರುಬಸವ್ವನ ಫೋನು ಬಂತು. ಅಲ್ಲಿ ಸ್ಕ್ಯಾನರೇ ಸತ್ತುಹೋಗಿತ್ತು.

“ನೀವೂ ಕುಂಕುಮ ಬಳದೀರೇನ್ರಿ?” ಎಂದು ವಿಶಾಖಾ ಹಲ್ಲು ಕಡಿದಳು.

“ಛೇ ಛೇ, ಮಶೀನಿಗೆ ಯಾರರ ಕುಂಕುಮ ಹಚ್ಚತಾರೇನ್ರಿ ಮೇಡಂ? ಅಷ್ಟೂ ತಿಳಿಯೂದಿಲ್ಲೇನ್ರಿ ನಮಗ?” ಗುರುಬಸವ್ವನಿಗೆ ಬೇಸರವೇ ಆಯಿತು. “ಕಾಯಿ ಒಡದು, ಅದರ ನೀರಷ್ಟ ಮ್ಯಾಲ ಸುರುವೇವ್ರಿ.”