ಶ್ಯಾವಿಗೆ ಮಣೆಯಲ್ಲಿ ಕೋವಿಮದ್ದು

ಕೊಲ್ಲಿ ನಾಡಿನ ಸೊಹಾರಿನ ಆ ಓಣಿಯಲ್ಲಿ ಕ್ಲೆಮೆಂಟಿನಾಳನ್ನು ಹೆಸರು ಹಿಡಿದು ಕರೆಯುವವರಿರಲಿಲ್ಲ. ಮನೆಯ ಮಾಲೀಕ ಯೂಸುಫ್ ಅಜ್ಜ ಮೊದಲ ದಿನವೇ "ಉಮ್ ಮೈಕಲ್", ಅಂದರೆ ಮೈಕಲನ ತಾಯಿ, ಎಂದಿದ್ದರು. ಓಣಿಗೆಲ್ಲ ಅದೇ ರೂಢಿಯಾಯಿತು. ಅವಳ ಗಂಡ ಲಿಗೋರಿ ತಾಮ್ರದ ಗಣಿಯ ಆಫೀಸಿನಲ್ಲಿ ಗುಮಾಸ್ತ. ಅಜ್ಜ ಪ್ರಾಯದಲ್ಲಿ ಹಡಗಿನ ಕೆಲಸಕ್ಕೆ ಮುಂಬಯಿಗೆ ಹೋಗಿ ಬಂದವರು. ಅವರ ಹಿಂದಿ ಅವಳ ಹಿಂದಿಗಿಂತ ಚೆನ್ನಾಗಿತ್ತು.

ಎಂಬತ್ತೆಂಟನೇ ಇಸವಿಯ ಈದ್ ದಿನ ಗಂಡಸರೆಲ್ಲ ಸಾಲಾಗಿ ನಿಂತು, ಅಜ್ಜಂದಿರ ಕಾಲದ ಮಾರ್ಟಿನಿ ಬಂದೂಕುಗಳನ್ನು ಆಕಾಶಕ್ಕೆ ಹಿಡಿದು ಒಬ್ಬರಾದ ಮೇಲೊಬ್ಬರು ಹಾರಿಸಿದರು. ಗುಂಡಿಲ್ಲ, ಬರೀ ಮದ್ದಿನ ಸದ್ದು. ತಾರಸಿಯಿಂದ ನೋಡುತ್ತಿದ್ದ ಕ್ಲೆಮೆಂಟಿನಾಳಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಯೂಸುಫ್ ಅಜ್ಜನ ಬಂದೂಕು ಫುಸ್ ಎಂದು ಹೊಗೆ ಬಿಟ್ಟಿತು, ಅಷ್ಟೆ. ಅದೇ ಗಳಿಗೆಯಲ್ಲಿ ಪಕ್ಕದಲ್ಲಿದ್ದ ಬಲೂಚಿ ಮುದುಕ ತನ್ನದನ್ನು ಹಾರಿಸಿಬಿಟ್ಟ. ಸದ್ದು ಯಾರದೆಂದು ಯಾರಿಗೂ ತಿಳಿಯಲಿಲ್ಲ.

ಅಜ್ಜನ ಹಿರಿಯ ಮಗನಿಗೆ ಮಾತ್ರ ತಿಳಿಯಿತು. ಸೊಸೆ ಹಲೀಮಾ ಅದನ್ನು ಆಮೇಲೆ ಕ್ಲೆಮೆಂಟಿನಾಳಿಗೆ ಹೇಳಿದಳು. "ಬಾಬಾ, ನಿಮ್ಮ ಮೊಮ್ಮಗನ ಮದುವೆಗೆ ಬಂದೂಕು ನಾನು ಹಿಡಿಯುತ್ತೇನೆ," ಎಂದನಂತೆ ಮಗ. "ಮದುವೆಯಲ್ಲಿ ನಾನೇ ಹಾರಿಸುವುದು. ಆವತ್ತೂ ಸದ್ದು ಬರದಿದ್ದರೆ ಖಲಾಸ್, ಆಮೇಲೆ ನಿನ್ನದು," ಎಂದರಂತೆ ಅಜ್ಜ.

ಮದುವೆಗೆ ವಾರವಿರುವಾಗ ಅಜ್ಜ ಅಂಗಳದ ಲಿಂಬೆಗಿಡದ ನೆರಳಲ್ಲಿ ಕೂತು ಹಿತ್ತಾಳೆಯ ಖಾಲಿ ತೋಟಾಗಳಿಗೆ ಮದ್ದು ತುಂಬುವುದನ್ನು ಕ್ಲೆಮೆಂಟಿನಾ ಅಡುಗೆಮನೆಯ ಕಿಟಕಿಯಿಂದ ಕಂಡಳು. ಕಪ್ಪು ಮದ್ದು ಹಾಕಿ, ಮೇಲೊಂದು ರಟ್ಟಿನ ಬಿಲ್ಲೆ ಇಟ್ಟು, ಮರದ ಕಡ್ಡಿಯಿಂದ ಒತ್ತಬೇಕು. ಮದ್ದು ಸಡಿಲವಾಗಿದ್ದರೆ ಸುಮ್ಮನೆ ಉರಿದುಹೋಗುತ್ತದೆ, ಗುಡುಗುವುದಿಲ್ಲ. ಆದರೆ ಅಜ್ಜನ ಕೈ ನಡುಗುತ್ತಿತ್ತು. ಕಡ್ಡಿ ಜಾರುವುದು, ಬಿಲ್ಲೆ ಓರೆಯಾಗುವುದು, ಮದ್ದು ಚಾಪೆಗೆ ಚೆಲ್ಲುವುದು. ಕೊನೆಗೆ ಬಿಲ್ಲೆಯನ್ನು ಬೆರಳಿನಿಂದ ಮುಟ್ಟಿ ಮುಗಿಸುತ್ತಿದ್ದರು.

"ಅದಕ್ಕೆಂಥ? ನಮ್ಮ ಚರ್ಚಿನ ಹಬ್ಬಕ್ಕೆ ಕದೋನಿಗೆ ಸಿಡಿಮದ್ದು ಜಡಿಯುವ ಹಾಗೆ ಸುತ್ತಿಗೆಯಲ್ಲಿ ನಾಲ್ಕು ಕೊಟ್ಟರಾಯ್ತು," ಎಂದ ಅವಳಿಂದ ಸಂಗತಿ ಕೇಳಿದ ಲಿಗೋರಿ.

"ಕದೋನಿ ಜಡಿಯುತ್ತಿದ್ದ ನಿಮ್ಮ ಪೀಟರ್ ಮಾಮನ ಬಲಗೈಯಲ್ಲಿ ಎಷ್ಟು ಬೆರಳಿತ್ತು?"

"ಮೂರು."

"ಹಾಗಾದರೆ ಸುಮ್ಮನಿರಿ."

ಅವಳು ಅಟ್ಟದಿಂದ ಇಳಿಸಿದ್ದು ಅತ್ತೆಯ ಹಿತ್ತಾಳೆಯ ಶ್ಯಾವಿಗೆ ಮಣೆ. ಮೂರು ಕಾಲು, ನಡುವೆ ಅಚ್ಚು, ಮೇಲೆ ತಿರುಪು. ಲಿಗೋರಿ ಕುರ್ಚಿಯಿಂದ ಎದ್ದೇ ಬಿಟ್ಟ. "ನಿನಗೆ ಎಂಥ ಮರ್ಲಾ ಮಾರಾಯ್ತಿ? ಅದು ಅಮ್ಮನದ್ದು."

"ಅಮ್ಮ ಇದ್ದಿದ್ದರೆ ಅವರೇ ಹೊತ್ತುಕೊಂಡು ಹೋಗ್ತಿದ್ರು."

ಅಂಗಳದಲ್ಲಿ ಅವಳು ಮದ್ದಿನ ಮಾತೆತ್ತಲಿಲ್ಲ. "ಬಾಬಾ, ಇದರ ತಿರುಪು ಬಿಗಿಯಾಗಿದೆ. ಸ್ವಲ್ಪ ನೋಡ್ತೀರಾ?"

ಅಜ್ಜ ಎಣ್ಣೆ ಬಿಟ್ಟು ತಿರುಗಿಸಿದರು. ಹಿಡಿಯ ಮೇಲೆ ಕೈ ನಡುಗುತ್ತಲೇ ಇತ್ತು. ತಿರುಪಿನ ದಂಡ ಮಾತ್ರ ನೆಟ್ಟಗೆ, ನಿಧಾನಕ್ಕೆ ಇಳಿಯಿತು.

"ಇದು ಯಾತಕ್ಕೆ?"

"ಅಕ್ಕಿಹಿಟ್ಟು ಒತ್ತಲಿಕ್ಕೆ. ನಮ್ಮ ಅತ್ತೆಗೆ ಕೊನೆಕೊನೆಗೆ ಕೈ ನಿಲ್ಲುತ್ತಿರಲಿಲ್ಲ. ಆದರೂ ಹಬ್ಬದ ಶ್ಯಾವಿಗೆಯನ್ನು ಇದರಲ್ಲಿ ಅವರೇ ಒತ್ತುತ್ತಿದ್ದರು."

ಅಜ್ಜ ಒಂದು ಖಾಲಿ ತೋಟಾವನ್ನು ಮಣೆಯ ಅಚ್ಚಿನೊಳಗೆ ಇಟ್ಟು ನೋಡಿದರು. ಆಮೇಲೆ ಸಣ್ಣ ತೂತುಗಳ ಬಿಲ್ಲೆ ತೆಗೆದು, ಚಕ್ಕುಲಿಯ ಒಂದೇ ತೂತಿನ ಬಿಲ್ಲೆ ಹಾಕಿದರು. ತೋಟಾವನ್ನು ಆ ತೂತಿನ ಮೇಲೆ ನಿಲ್ಲಿಸಿದರೆ ಅದರ ಬುಡದಲ್ಲಿ ಕಿಡಿ ಹೊತ್ತಿಸುವ ಕ್ಯಾಪು ಯಾವುದಕ್ಕೂ ತಾಗುವುದಿಲ್ಲ.

"ಉಮ್ ಮೈಕಲ್, ಇದರಲ್ಲಿ ಮದ್ದು ಒತ್ತಿದರೆ ಮತ್ತೆ ತಿನ್ನುವ ಹಿಟ್ಟು ಹಾಕುವ ಹಾಗಿಲ್ಲ."

"ರಜೆಗೆ ಊರಿಗೆ ಹೋದಾಗ ಇನ್ನೊಂದು ತರ್ತೇನೆ, ಬಾಬಾ."

ಅವಳು ಎದ್ದು ಬಂದಳು. ಕಿಟಕಿಯ ಹತ್ತಿರವೂ ಹೋಗಲಿಲ್ಲ. ಅವರ ಕೆಲಸ ಅವರು ಮಾಡಿಕೊಳ್ಳಲಿ ಎಂದು ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಮದುವೆಯ ಸಂಜೆ ಹೆಂಗಸರ ಕಡೆಯಿಂದ ಅವಳೂ ಹಲೀಮಾಳೂ ಇಣುಕಿದರು. ಸಾಲಿನ ತುದಿಯಲ್ಲಿ ಯೂಸುಫ್ ಅಜ್ಜ, ಪಕ್ಕದಲ್ಲಿ ಅದೇ ಬಲೂಚಿ ಮುದುಕ. ಹಿರಿಯ ಮಗ ಎರಡು ಹೆಜ್ಜೆ ಹಿಂದೆ ಕೈ ಕಟ್ಟಿ ನಿಂತಿದ್ದ. ಅಜ್ಜ ಬಂದೂಕು ಎತ್ತಿದರು. ಪಕ್ಕದವನೂ ಎತ್ತಿ, ಟ್ರಿಗರಿನ ಮೇಲೆ ಬೆರಳಿಟ್ಟು, ಕಡೆಗಣ್ಣಿನಿಂದ ಅಜ್ಜನನ್ನೇ ನೋಡುತ್ತಿದ್ದ. ಹಲೀಮಾ ಅವಳ ಮುಂಗೈ ಹಿಡಿದುಕೊಂಡಳು.

ಅಜ್ಜನ ಬಂದೂಕು ಢಂ ಎಂದಿತು. ಗೋಡೆಯ ಮೇಲಿನ ಪಾರಿವಾಳಗಳೆಲ್ಲ ಎದ್ದುಹೋದವು. ಗಂಡಸರ ನಡುವೆ ನಿಂತಿದ್ದ ಲಿಗೋರಿ ಎರಡೂ ಕಿವಿ ಮುಚ್ಚಿಕೊಂಡ. ಮಗ ಕಟ್ಟಿದ ಕೈ ಬಿಟ್ಟು ತಂದೆಯ ಹತ್ತಿರ ಬಂದ. ಬಂದೂಕನ್ನು ಕೇಳಲಿಲ್ಲ, ಮುಂದಿನ ತೋಟಾ ತೆಗೆದು ಅವರ ಅಂಗೈಯಲ್ಲಿಟ್ಟ.

ಬಲೂಚಿ ಮುದುಕನ ಕಡೆ ಯಾರೂ ನೋಡುತ್ತಿರಲಿಲ್ಲ. ಅವನು ಈ ಸಲ ಹಾರಿಸಬೇಕಾಗಿ ಬರದ ಬಂದೂಕನ್ನು ಮೆಲ್ಲಗೆ ಇಳಿಸಿ, ಅದರ ಪಟ್ಟಿ ಸರಿಮಾಡಿಕೊಳ್ಳುವವನ ಹಾಗೆ ತಲೆ ಬಗ್ಗಿಸಿದ.