ಮುದ್ರೆ ಬಿದ್ದ ಬೇವು

"ಲೇ ಯಲ್ಲವ್ವಾ, ತೊಗಟಿ ಕೀಳು ಅಂದ್ರ ಕಟಗಿ ತಬ್ಕೊಂಡು ಕುಂತೀಯಲ್ಲಬೇ ರಂಡಿ! ನಿನ್ನ ಗಂಡನ ಹೆಣಾ ಐತೇನ ಅದು?"

ಮೇಸ್ತ್ರಿ ವೀರೇಶನ ಬಾಯಿ ತೆರೆದ ಗಟಾರ. ಮುಧೋಳದ ಹೊರಗಿನ ಆ ಕಟ್ಟಿಗೆ ಅಡ್ಡೆಯ ಹೆಂಗಸರು ಅದಕ್ಕೆ ಒಗ್ಗಿಹೋಗಿದ್ದರು. ಆದರೆ ಈ ಹೊತ್ತು ಯಲ್ಲವ್ವನಿಗೆ ಅದು ಕೇಳಿಸಲೇ ಇಲ್ಲ. ಬೇವಿನ ದಿಮ್ಮಿಯಲ್ಲಿ ಅವಳ ಬಾಚಿಗೆ ಠಣ್ ಎಂದು ಏನೋ ತಾಗಿತ್ತು. ಕೆರೆದು ನೋಡಿದರೆ ಮರದ ಮೈಯೊಳಗೆ ಹೂತುಹೋದ ಹಿತ್ತಾಳೆ ಕಾಲ್ಗೆಜ್ಜೆ, ಕೂಸಿನದು. ಮುರಿದ ಕೊಂಡಿಗೆ ಅವಳೇ ಸುತ್ತಿದ್ದ ತಾಮ್ರದ ತಂತಿ ಇನ್ನೂ ಹಾಗೇ ಇತ್ತು.

ಅವಳ ಕೇರಿಯಲ್ಲಿ ಎಳೆಗೂಸು ಸತ್ತರೆ ಸುಡುಗಾಡಿನಲ್ಲಿ ಹೂತು, ತಲೆಯ ಕಡೆ ಒಂದು ಬೇವಿನ ಸಸಿ ನೆಟ್ಟು, ಕೂಸಿನ ಮೈಮೇಲಿದ್ದುದನ್ನು ಅದಕ್ಕೆ ಕಟ್ಟುತ್ತಾರೆ. ಬೆಳೆಯುತ್ತ ಮರ ಅದನ್ನು ನುಂಗಿಕೊಳ್ಳುತ್ತದೆ. ಆಮೇಲೆ ಆ ಮರಕ್ಕೆ ಕೂಸಿನದೇ ಹೆಸರು. ಇದು ಅವಳ ಮಗಳು ಕಾವ್ಯ.

ಸುಡುಗಾಡಿನ ಮರಗಳನ್ನು ಪಂಚಾಯ್ತಿಯವರು ಲಿಲಾವಿನಲ್ಲಿ ಮಾರಿದ್ದು ಅವಳಿಗೆ ಗೊತ್ತಿತ್ತು. ಹೋಗಿ ನೋಡುವ ಧೈರ್ಯವಾಗಿರಲಿಲ್ಲ. ಅವು ತನ್ನ ಬಾಚಿಯ ಬಾಯಿಗೇ ಬಂದು ಬೀಳುತ್ತವೆಂದು ಯಾರು ಕನಸು ಕಂಡಿದ್ದರು?

ಅಡ್ಡೆಯ ಕಟ್ಟಿಗೆ ಹಲಗೆಯಾಗಿ, ಅಲ್ಲೇ ಒಟ್ಟುವ ಬೆಲ್ಲದ ಪೆಟ್ಟಿಗೆಗಳ ಕೆಳಗೆ ಕೂತು ಪರದೇಶಕ್ಕೆ ಹೋಗುವಂಥದು. ಅಲ್ಲಿಯವರಿಗೆ ನಮ್ಮ ಹುಳುವಿನ ಭಯ. ತೊಗಟೆ ಸುಲಿಯಬೇಕು, ತಿರುಳೊಳಗಿನ ಹುಳ ಸಾಯುವಂತೆ ಭಟ್ಟಿಯಲ್ಲಿ ಕಾಯಿಸಬೇಕು, ತೆನೆಯ ಚಿತ್ರದ ಮುದ್ರೆ ಒತ್ತಬೇಕು. ಮುದ್ರೆಯಿಲ್ಲದಿದ್ದರೆ ಹಡಗಿನಿಂದ ಮಾಲು ಇಳಿಸಗೊಡುವುದಿಲ್ಲ.

ಅದರ ತಪಾಸಣೆಗೆ ಬಂದ ಸಾಹೇಬರು ಪಡಸಾಲೆಯಲ್ಲಿ ಅಡ್ಡೆಯ ಮಾಲಕ ಮಲಕಾಜಪ್ಪನೊಡನೆ ಚಹಾ ಕುಡಿಯುತ್ತಿದ್ದರು. ಯಲ್ಲವ್ವ ಮೆಟ್ಟಿಲ ಕೆಳಗೆ ನಿಂತು ಕೈಮುಗಿದಳು.

"ಸಾವಕಾರ್ರ, ಅದೊಂದು ತುಂಡು ನನಗ ಕೊಡ್ರಿ. ನನ್ನ ಮಗಳ ಗಿಡ ಐತ್ರಿ ಅದು, ಸುಡುಗಾಡದಾಗಿಂದು."

ಪಕ್ಕದ ಹಲಗೆಯ ಮೇಲಿಟ್ಟಿದ್ದ ಕೈಯನ್ನು ಸಾಹೇಬರು ಸರಕ್ಕನೆ ಎಳೆದುಕೊಂಡರು.

ಮಲಕಾಜಪ್ಪ ನಕ್ಕ. "ಏನೂ ಆಗಂಗಿಲ್ಲ ಬಿಡ್ರಿ ಸಾಹೇಬ್ರ. ಭಟ್ಟ್ಯಾಗ ಕಾಸಿದ ಮ್ಯಾಲ ಹುಳಾನೂ ಇಲ್ಲ, ಮೈಲಿಗೀನೂ ಇಲ್ಲ. ಮುದ್ರಿ ಬಿತ್ತಂದ್ರ ಶುದ್ಧ."

"ಹಂಗಾರ ನನ್ನೂ ಭಟ್ಟ್ಯಾಗ ಕಾಸ್ರಿ," ಎಂದಳು ಯಲ್ಲವ್ವ. "ಮುದ್ರಿ ಒತ್ರಿ. ನಿಮ್ಮ ಪಡಸಾಲ್ಯಾಗ ಬಂದು ಕುಂತು ನಾನೂ ಚಾ ಕುಡಿತೇನಿ."

ಮಲಕಾಜಪ್ಪನ ಲೋಟದಲ್ಲಿ ಉಳಿದಿದ್ದ ಬಿಸಿ ಚಹಾ ಅವಳ ಪಾದದ ಮೇಲೆ ಬಿತ್ತು.

ವೀರೇಶ ಗೆಜ್ಜೆಯನ್ನು ಉಳಿಯಿಂದ ಕೆದಕಿ ತೆಗೆದು ಮಣ್ಣಿಗೆ ಎಸೆದ. ಅವಳು ಆರಿಸಿ ಸೆರಗಿಗೆ ಗಂಟು ಹಾಕಿಕೊಂಡಳು. ದಿಮ್ಮಿ ಗರಗಸಕ್ಕೆ ಹೋಯಿತು, ಅಲ್ಲಿಂದ ಭಟ್ಟಿಗೆ. ಭಟ್ಟಿಯ ಬಾಗಿಲು ತೆರೆಯುವತನಕ ಅವಳು ಅದಕ್ಕೆ ಬೆನ್ನು ಮಾಡಿಯೇ ಕೆಲಸ ಮಾಡಿದಳು.

ಮರುದಿನ ಲಾರಿಗೆ ಮಾಲು ಏರಿಸುವಾಗ ಅವಳ ಕಣ್ಣಿಗೆ ಬಿತ್ತು: ಪೆಟ್ಟಿಗೆಗಳ ಒಟ್ಟಿಲ ತಳದಲ್ಲಿ ಒಂದು ಹಲಗೆ, ಅದರಲ್ಲಿ ಗೆಜ್ಜೆ ಕೂತಿದ್ದ ಗುಳಿ, ಗುಳಿಯ ಪಕ್ಕದಲ್ಲೇ ತೆನೆಯ ಮುದ್ರೆ.

ಯಲ್ಲವ್ವ ಬಾಚಿ ತೂರಿಸಿ ಮೀಟಿದಳು. ಮೊಳೆ ಕಿರುಗುಟ್ಟಿತು. ಒಟ್ಟಿಲು ವಾಲಿ ಪೆಟ್ಟಿಗೆಗಳು ಉರುಳಿ, ಪರದೇಶಕ್ಕೆ ಹೊರಟ ಬೆಲ್ಲವೆಲ್ಲ ಮಣ್ಣಾಯಿತು.

"ಹಿಡೀರಲೇ ಆ ಭೋಸುಡಿನ್ನ!" ವೀರೇಶ ಓಡಿಬಂದ. ಯಲ್ಲವ್ವನ ಜೊತೆ ತೊಗಟೆ ಸುಲಿಯುತ್ತಿದ್ದ ತಾರವ್ವ ಬಾಚಿ ಹಿಡಿದು ಅಡ್ಡ ನಿಂತಳು.

"ಮುಟ್ಟಿ ನೋಡ್ಲೇ. ನನ್ನ ಹುಡುಗನ ಗಿಡಾನೂ ಅದರಾಗ ಎಲ್ಲೋ ಐತಿ."

ಹಲಗೆಯನ್ನು ಕಂಕುಳಲ್ಲಿ ಎತ್ತಿಕೊಂಡು ಯಲ್ಲವ್ವ ಗೇಟು ದಾಟಿದಳು. ಯಾರೂ ತಡೆಯಲಿಲ್ಲ. ಇನ್ನು ಆ ಗೇಟು ತನಗಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಸುಡುಗಾಡಿನಲ್ಲಿ ಜೆಸಿಬಿ ಬೊಡ್ಡೆಗಳನ್ನೂ ಕಿತ್ತು, ನೆಲವನ್ನು ಹರಗಿದ ಹೊಲದಂತೆ ಸಪಾಟು ಮಾಡಿತ್ತು. ಕಣ್ಣು ಮುಚ್ಚಿಯೂ ಮಗಳ ಬಳಿ ಹೋಗುತ್ತಿದ್ದವಳಿಗೆ ಈಗ ಯಾವ ಕಡೆ ತಿರುಗಬೇಕೋ ತಿಳಿಯಲಿಲ್ಲ. ಒಂದು ಕಡೆ ಹಲಗೆ ಊರಿ ನಿಂತಳು. ಅಲ್ಲವೆನಿಸಿ ಕಿತ್ತು, ಇನ್ನೊಂದು ಕಡೆ ಊರಿದಳು. ಅಲ್ಲಿಂದಲೂ ಕಿತ್ತಳು.

"ಕಾವ್ಯಾ, ಎಲ್ಲಿ ಮಲಗೀಯವ್ವಾ?"

ಸೆರಗಿನ ಗಂಟು ಬಿಚ್ಚಿ ಗೆಜ್ಜೆ ಅಲ್ಲಾಡಿಸಿದಳು. ಅದರ ಹೊಟ್ಟೆಯಲ್ಲಿ ಬೇವಿನ ಅಂಟು ತುಂಬಿ ಗಟ್ಟಿಯಾಗಿತ್ತು. ಸಪ್ಪಳ ಬರಲಿಲ್ಲ.